ಹಡಗಿನ ಮೈಮೇಲೆ ಗೆರೆ ಎಳೆಸಿದ ಪ್ಲಿಮ್ಸಾಲ್

ಗೋವೆಗೆ ಹೋಗುವ ನಮ್ಮೂರವರು ಮಂಗೇಶಿ, ಶಾಂತಾದುರ್ಗೆಯರ ದರ್ಶನ ಮುಗಿಸಿ, ಹಳೆಗೋವೆಯ ಇಗರ್ಜಿಗಳನ್ನು ನೋಡಿ, ಸಂಜೆಯಾಗುವಾಗ ದೋನಾ ಪಾವುಲದ ಕಟ್ಟೆಗೆ ಬಂದು ನಿಲ್ಲುವುದು ವಾಡಿಕೆ. ಎದುರಿಗೆ ಜುವಾರಿ ಹೊಳೆಯ ಅಳಿವೆ. ಆಚೆ ದಡದಲ್ಲಿ ಮರ್ಮಗೋವೆ ಬಂದರು. ಹೊರಗೆ ಲಂಗರು ಹಾಕಿ ನಿಂತ ಹಡಗುಗಳನ್ನು ಎಣಿಸುವುದು ಮಕ್ಕಳಿಗೆ ಒಂದು ಆಟ. ನಾವೂ ಹಾಗೆ ನಿಂತು ಎಣಿಸಿದವರೇ. ಆದರೆ ಅಲ್ಲಿ ನೋಡತಕ್ಕ ಮುಖ್ಯವಾದ ವಸ್ತು ದಡದಿಂದ ಕಾಣಿಸುವುದಿಲ್ಲ. ದೋಣಿಯಲ್ಲಿ ಹಡಗಿನ ಮಗ್ಗುಲಿಗೆ ಹೋಗಬೇಕು. ಹಡಗಿನ ಉದ್ದದ ನಟ್ಟನಡುವೆ, ಎರಡು ಬದಿಗಳಲ್ಲೂ, ಒಂದು ವೃತ್ತವಿದೆ. ಆ ವೃತ್ತವನ್ನು ಅಡ್ಡಕ್ಕೆ ಸೀಳಿಕೊಂಡು ಒಂದು ಗೆರೆ. ಪಕ್ಕದಲ್ಲಿ ಏಣಿಯ ಮೆಟ್ಟಲುಗಳ ಹಾಗೆ ಇನ್ನಷ್ಟು ಗೆರೆಗಳು, ಅವಕ್ಕೆ ಒಂದೊಂದು ಅಕ್ಷರ.

ನಮ್ಮ ಕೋಟಿಕುಳಂ, ಉದುಮ, ಹೊಸದುರ್ಗದ ಕಡೆಗಳಲ್ಲಿ ಹಡಗಿನ ಕೆಲಸಕ್ಕೆ ಹೋಗದ ಮನೆ ಹುಡುಕುವುದು ಕಷ್ಟ. ಗೋವೆಯಲ್ಲಿಯೂ ಹಾಗೆಯೇ. ಮಗ ಹಡಗು ಹತ್ತಿದ ದಿನದಿಂದ ಇಳಿಯುವ ದಿನದ ತನಕ ತಾಯಂದಿರಿಗೆ ಮಳೆ ಗಾಳಿಯ ಸುದ್ದಿ ಕೇಳಿದಾಗಲೆಲ್ಲ ಎದೆ ಹಾರುತ್ತದೆ. ಆ ಮಕ್ಕಳು ಸುರಕ್ಷಿತವಾಗಿ ಮರಳುವುದಕ್ಕೆ ಇರುವ ಕಾರಣಗಳಲ್ಲಿ ಆ ಗೆರೆಯೂ ಒಂದು. ಅದನ್ನು ಎಳೆಸಿದವನು ನಾವಿಕನಲ್ಲ, ಹಡಗು ಕಟ್ಟುವವನಲ್ಲ, ವಿಜ್ಞಾನಿಯೂ ಅಲ್ಲ. ಕಲ್ಲಿದ್ದಲು ಮಾರುತ್ತಿದ್ದ ಒಬ್ಬ ಇಂಗ್ಲಿಷ್ ವ್ಯಾಪಾರಿ. ಹೆಸರು ಸಾಮ್ಯುಯೆಲ್ ಪ್ಲಿಮ್ಸಾಲ್.

ಆತನ ಕಥೆಗೆ ಮೊದಲು ನೀರಿನ ಕಥೆಯನ್ನು ಸ್ವಲ್ಪ ಹೇಳಬೇಕು. ಗೆರೆ ಒಂದಿದ್ದರೆ ಸಾಲದೆ, ಅಷ್ಟೊಂದು ಗೆರೆಗಳು ಏಕೆ ಎಂಬುದು ಆಗ ತಿಳಿಯುತ್ತದೆ.

ಉಪ್ಪುನೀರಿನಲ್ಲಿ ಹಾಕಿದ ಮಾವಿನಮಿಡಿ ಮೇಲಕ್ಕೇಳದಂತೆ ನಮ್ಮ ಹೆಂಗಸರು ಭರಣಿಯೊಳಗೆ ಕಲ್ಲು ಹೇರಿಡುವುದುಂಟು. ಬಿತ್ತನೆಗೆ ಭತ್ತ ಆರಿಸುವ ರೈತರು ನೀರಿಗೆ ಉಪ್ಪು ಕರಗಿಸುತ್ತಾ ಹೋಗಿ, ಕೋಳಿಮೊಟ್ಟೆ ತೇಲುವ ಹದಕ್ಕೆ ಬಂದಾಗ ಭತ್ತ ಸುರಿಯುತ್ತಾರೆ. ಜೊಳ್ಳು ಮೇಲೆ ನಿಲ್ಲುತ್ತದೆ, ಗಟ್ಟಿ ಕಾಳು ಅಡಿಗೆ ಹೋಗುತ್ತದೆ. ಮೊಟ್ಟೆ ಬದಲಾಗಲಿಲ್ಲ, ಕಾಳು ಬದಲಾಗಲಿಲ್ಲ, ಬದಲಾದದ್ದು ನೀರು. ಒಂದು ಲೀಟರು ಚಪ್ಪೆ ನೀರು ಒಂದು ಕಿಲೋ ತೂಗಿದರೆ ಸಮುದ್ರದ ನೀರು ಸುಮಾರಾಗಿ 1025 ಗ್ರಾಂ ತೂಗುತ್ತದೆ. ಈ ತೂಕಕ್ಕೆ ಸಾಂದ್ರತೆ ಎಂದು ಪಾಠಪುಸ್ತಕಗಳಲ್ಲಿ ಹೆಸರು. ನೀರಿಗೆ ಇಳಿದ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಲು ಸಾಧ್ಯವಾದರೆ ತೇಲುತ್ತದೆ, ಸಾಧ್ಯವಾಗದಿದ್ದರೆ ಮುಳುಗುತ್ತದೆ. ಆರ್ಕಿಮಿಡೀಸನ ಕಾಲದಿಂದ ಇದರಲ್ಲಿ ಒಂದಕ್ಷರ ಬದಲಾಗಿಲ್ಲ.

ಮಂದವಾದದ್ದೆಲ್ಲ ಭಾರ ಎಂಬ ತಪ್ಪು ತಿಳಿವಳಿಕೆಯೂ ನಮ್ಮಲ್ಲಿದೆ. ಗಾಜಿನ ಲೋಟದಲ್ಲಿ ಪಾತ್ರೆ ತೊಳೆಯುವ ದ್ರವ ಸಾಬೂನನ್ನು ಎರಡು ಬೆರಳು ಹೊಯ್ದು, ಅದರ ಮೇಲೆ ಮೆಲ್ಲಗೆ ನೀರು, ನೀರಿನ ಮೇಲೆ ತೆಂಗಿನೆಣ್ಣೆ ಇಳಿಸಿ ನೋಡಿ. ಎಣ್ಣೆ ನೀರಿಗಿಂತ ಮಂದ, ಆದರೂ ಮೇಲೆಯೇ ನಿಲ್ಲುತ್ತದೆ. ಸಾಬೂನೂ ಮಂದವೇ, ಆದರೆ ಅಡಿಯಲ್ಲಿ ಉಳಿಯುತ್ತದೆ, ಏಕೆಂದರೆ ಅದರೊಳಗೆ ಉಪ್ಪು ಮೊದಲಾದ ಪದಾರ್ಥಗಳು ಕರಗಿ ಅದನ್ನು ನೀರಿಗಿಂತ ತುಸು ಭಾರವಾಗಿಸಿವೆ. ದ್ರವ ಸಾಬೂನು ಮಂದವಾಗಲೆಂದು ಕಾರ್ಖಾನೆಗಳಲ್ಲಿ ಬೆರೆಸುವ ಪದಾರ್ಥಗಳಲ್ಲಿ ನಮ್ಮ ಅಡಿಗೆಯ ಉಪ್ಪೇ ಒಂದು ಎಂದರೆ ಹಲವರು ನಂಬಲಿಕ್ಕಿಲ್ಲ. ಎಣ್ಣೆಯಲ್ಲಿ ಮುಳುಗಿದ ವಸ್ತು ನೀರಿನ ಮೇಲೆ ನಿಲ್ಲಬಹುದು. ನೀರಿನಲ್ಲಿ ಮುಳುಗಿದ್ದು ಸಾಬೂನಿನ ಮೇಲೆ ನಿಲ್ಲಬಹುದು. ತೇಲುವುದು ಮುಳುಗುವುದು ವಸ್ತುವೊಂದರ ಗುಣವಲ್ಲ, ಅದೂ ದ್ರವವೂ ಸೇರಿ ಮಾಡುವ ತೀರ್ಮಾನ.

ಹಡಗಿಗೂ ಇದೇ ನ್ಯಾಯ. 41 ಲೀಟರು ಚಪ್ಪೆ ನೀರೂ 40 ಲೀಟರು ಕಡಲ ನೀರೂ ಒಂದೇ ತೂಕ. ಆದುದರಿಂದ ಸರಕು ಸಮೇತ 41,000 ಟನ್ನು ತೂಗುವ ಹಡಗು ಕಡಲಲ್ಲಿ 40,000 ಘನ ಮೀಟರು ನೀರನ್ನು ತಳ್ಳಿದರೆ ಸಾಕು; ಹೊಳೆಯ ಚಪ್ಪೆ ನೀರಿನಲ್ಲಿ ಇನ್ನೂ 1,000 ಘನ ಮೀಟರು ತಳ್ಳಬೇಕು. ಅಂದರೆ ಅಷ್ಟು ಹೆಚ್ಚು ಕೆಳಗೆ ಕೂರಬೇಕು. ಹತ್ತು ಮೀಟರು ಮುಳುಗಿ ನಿಂತ ಹಡಗಾದರೆ ಸುಮಾರು ಒಂದು ಗೇಣು. ನಮ್ಮ ಚಂದ್ರಗಿರಿ ಹೊಳೆಯಲ್ಲಿ ಹೊಯ್ಗೆ ಹೇರುತ್ತಿದ್ದ ದೋಣಿಯವರಿಗೆ ಇದು ಪುಸ್ತಕವಿಲ್ಲದೆ ಗೊತ್ತಿದ್ದ ಸಂಗತಿ. ಬೇಸಗೆಯಲ್ಲಿ ಉಪ್ಪುನೀರು ಏರಿ ಬಂದಾಗ ಹೊರುವ ಹೇರನ್ನು ಆಟಿಯ ಕೆಂಪು ನೀರಿನಲ್ಲಿ ಹೊರಿಸಿದರೆ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ.

ಇನ್ನು ಪ್ಲಿಮ್ಸಾಲನ ಕಡೆಗೆ ಬರೋಣ. ಆತ ಹುಟ್ಟಿದ್ದು 1824ರ ಫೆಬ್ರವರಿ 10ರಂದು, ಬ್ರಿಸ್ಟಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಅಬಕಾರಿ ಇಲಾಖೆಯ ನೌಕರ. ಮದ್ಯದ ಬಲವನ್ನು ಅಳೆಯಲು ಇಂಗ್ಲೆಂಡಿನ ಅಬಕಾರಿ ನೌಕರರ ಕೈಯಲ್ಲಿ ಆಗ ಸೈಕ್ಸನ ದ್ರವಮಾಪಕ ಎಂಬ ತೇಲುವ ಉಪಕರಣವಿರುತ್ತಿತ್ತು. ದ್ರವ ಹಗುರವಾದಷ್ಟು ಅದು ಕೆಳಗೆ ಇಳಿಯುತ್ತದೆ, ಭಾರವಾದಷ್ಟು ಮೇಲಕ್ಕೆ ಏಳುತ್ತದೆ. ಹುಡುಗ ಸಾಮ್ಯುಯೆಲನು ಅದನ್ನು ಕಂಡು ಬೆಳೆದಿರಬೇಕು ಎಂಬುದು ನಮ್ಮ ಊಹೆ ಮಾತ್ರ, ದಾಖಲೆಯಲ್ಲ. ಕುಟುಂಬ ಪೆನ್ರಿತ್ ಎಂಬ ಊರಿಗೂ ಅಲ್ಲಿಂದ ಶೆಫೀಲ್ಡಿಗೂ ಹೋಯಿತು. ಶೆಫೀಲ್ಡಿನಲ್ಲಿ ಹುಡುಗ ಒಂದು ಬಿಯರ್ ತಯಾರಿಕೆಯ ಕಂಪೆನಿಯಲ್ಲಿ ಗುಮಾಸ್ತನಾಗಿ ಸೇರಿ ಮ್ಯಾನೇಜರನ ಸ್ಥಾನಕ್ಕೆ ಏರಿದನು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಗೌರವ ಕಾರ್ಯದರ್ಶಿಗಳಲ್ಲೊಬ್ಬನಾಗಿ ದುಡಿದನು. ಅನಂತರ ಲಂಡನ್ನಿಗೆ ಬಂದು ಕಲ್ಲಿದ್ದಲಿನ ವ್ಯಾಪಾರಕ್ಕೆ ಕೈಹಾಕಿದನು. ವ್ಯಾಪಾರ ಮುಳುಗಿತು.

ಆ ಮುಳುಗಡೆಯೇ ಆತನನ್ನು ಮನುಷ್ಯನನ್ನಾಗಿ ಮಾಡಿತು ಎಂದು ನಮಗೆ ಅನಿಸುತ್ತದೆ. ಕೈಯಲ್ಲಿ ಕಾಸಿಲ್ಲದೆ ಆತ ಕೂಲಿಕಾರರು ಮಲಗುವ ಅಗ್ಗದ ವಸತಿಗೃಹದಲ್ಲಿ, ವಾರಕ್ಕೆ ಎಂಟು ಷಿಲ್ಲಿಂಗಿಗೂ ಕಡಿಮೆ ಖರ್ಚಿನಲ್ಲಿ, ಕೆಲವು ಕಾಲ ಬದುಕಿದನು. ಬಡವರೆಂದರೆ ಸೋಮಾರಿಗಳು, ಕುಡುಕರು ಎಂದು ಹೊರಗಿನಿಂದ ಕೇಳಿದ್ದವನಿಗೆ ಅವರು ಒಬ್ಬರ ತುತ್ತನ್ನು ಒಬ್ಬರಿಗೆ ಹಂಚುವುದು ಒಳಗಿನಿಂದ ಕಾಣಿಸಿತು. ವ್ಯಾಪಾರ ಮತ್ತೆ ಚೇತರಿಸಿತು, ಹಣ ಬಂತು, ಎಲೈಜಾ ರೈಲ್ಟನ್ ಎಂಬಾಕೆಯನ್ನು ಮದುವೆಯಾದನು. ಆದರೆ ಆ ವಸತಿಗೃಹವನ್ನು ಆತ ಮರೆಯಲಿಲ್ಲ. 1868ರಲ್ಲಿ ಡಾರ್ಬಿ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಪಾರ್ಲಿಮೆಂಟಿಗೆ ಹೋದನು.

ಆಗ ಇಂಗ್ಲೆಂಡಿನ ಹಡಗುಗಳಿಗೆ ಲೋಕವೆಲ್ಲ ಕಡವು. ಹಡಗಿಗೆ ಎಷ್ಟು ಹೇರಬಹುದು ಎಂಬುದಕ್ಕೆ ಕಾನೂನಿರಲಿಲ್ಲ. ಲಾಯ್ಡ್ಸ್ ರಿಜಿಸ್ಟರಿನವರು 1835ರಲ್ಲಿ ಒಂದು ಲೆಕ್ಕ ಹೇಳಿದ್ದರು: ಸರಕಿನ ಕೋಣೆಯ ಆಳ ಒಂದು ಅಡಿಗೆ ಮೂರು ಇಂಚಿನಂತೆ ಹಡಗಿನ ಮೈ ನೀರಿನ ಮೇಲೆ ಉಳಿಯಬೇಕು. ಅದನ್ನು ಪಾಲಿಸಲೇಬೇಕೆಂಬ ಕಡ್ಡಾಯ ಯಾರಿಗೂ ಇರಲಿಲ್ಲ. ಹಳೆಯ, ಹುಳು ಹಿಡಿದ ಹಡಗಿಗೆ ಬಣ್ಣ ಬಳಿದು, ಹೆಸರು ಬದಲಿಸಿ, ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸಿ, ಅಂಚಿನವರೆಗೂ ಹೇರಿ ಕಳುಹಿಸಿದರೆ ಮಾಲಿಕನಿಗೆ ಎರಡು ದಾರಿಯಲ್ಲೂ ಲಾಭ. ದಡ ಸೇರಿದರೆ ಬಾಡಿಗೆ, ಮುಳುಗಿದರೆ ವಿಮೆಯ ಹಣ. ಇಂತಹ ಹಡಗುಗಳಿಗೆ ಜನ ಶವಪೆಟ್ಟಿಗೆ ಹಡಗುಗಳೆಂದು ಕರೆಯುತ್ತಿದ್ದರು. ಒಮ್ಮೆ ಕರಾರಿಗೆ ಸಹಿ ಹಾಕಿದ ನಾವಿಕ, ಹಡಗಿನ ಸ್ಥಿತಿ ಕಂಡು ಹೆದರಿ ಹತ್ತಲಾರೆ ಎಂದರೆ, ಕಾನೂನು ಅವನನ್ನು ಜೈಲಿಗೆ ಕಳುಹಿಸುತ್ತಿತ್ತು. ನೂರಾರು ನಾವಿಕರು ಹೀಗೆ ಜೈಲು ಕಂಡರು. ಮುಳುಗುವುದೋ ಜೈಲೋ ಎಂಬ ಆಯ್ಕೆ.

1866ರ ಜನವರಿಯಲ್ಲಿ ಲಂಡನ್ ಎಂಬ ಹೆಸರಿನ ಹಡಗು ಬಿಸ್ಕೆ ಕೊಲ್ಲಿಯಲ್ಲಿ ಮುಳುಗಿ ಸುಮಾರು 220 ಜನ ಸತ್ತಾಗ ಹೆಚ್ಚಿನ ಹೇರಿನ ಮಾತು ಪತ್ರಿಕೆಗಳಲ್ಲಿ ಎದ್ದಿತ್ತು. ನ್ಯೂಕಾಸಲಿನ ಜೇಮ್ಸ್ ಹಾಲ್ ಎಂಬ ಹಡಗು ಮಾಲಿಕನೇ ಇದರ ವಿರುದ್ಧ ಬರೆಯತೊಡಗಿದ್ದನು. ಎಲ್ಲ ಮಾಲಿಕರೂ ಒಂದೇ ರೀತಿಯವರಲ್ಲ ಎಂಬುದನ್ನು ಇಲ್ಲಿ ನಾವು ನೆನಪಿಡಬೇಕು. ಹಾಲ್ ಹಚ್ಚಿದ ದೀಪವನ್ನು ಪ್ಲಿಮ್ಸಾಲನು ಪಾರ್ಲಿಮೆಂಟಿಗೆ ಒಯ್ದನು. 1873ರಲ್ಲಿ ನಮ್ಮ ನಾವಿಕರು ಎಂಬ ಅರ್ಥದ ಹೆಸರಿನ ಪುಸ್ತಕವೊಂದನ್ನು ಪ್ರಕಟಿಸಿದನು. ಬಂದರು ಬಂದರು ತಿರುಗಿ ಕಂಡದ್ದು, ವಿಧವೆಯರ ಮನೆಗಳಲ್ಲಿ ಕೇಳಿದ್ದು, ಮಾಲಿಕರ ಲೆಕ್ಕಾಚಾರ ಎಲ್ಲವೂ ಅದರಲ್ಲಿತ್ತು. ಕೋಪವೂ ಇತ್ತು. ಕೆಲವು ಕಡೆ ಕೋಪ ಸಾಕ್ಷ್ಯವನ್ನು ಮೀರಿತು. ಮಾನನಷ್ಟದ ದಾವೆಗಳು ಬಿದ್ದವು, ಆತ ಕೋರ್ಟಿಗೆ ಅಲೆಯಬೇಕಾಯಿತು. ಇದನ್ನು ಮುಚ್ಚಿಟ್ಟು ಆತನನ್ನು ದೇವರ ಕೋಣೆಯಲ್ಲಿ ಕೂರಿಸುವುದು ನಮಗೆ ಇಷ್ಟವಿಲ್ಲ. ಸಮಗ್ರವಾಗಿ ಆತ ಹೇಳಿದ್ದು ಸರಿ, ಬಿಡಿಬಿಡಿಯಾಗಿ ಕೆಲವು ತಪ್ಪು.

ಸರಕಾರ ಒಂದು ರಾಜ ಆಯೋಗವನ್ನು ನೇಮಿಸಿತು. ಆಯೋಗ ಕುಳಿತು, ಸಾಕ್ಷಿಗಳನ್ನು ಕೇಳಿ, 1874ರಲ್ಲಿ ವರದಿ ಕೊಟ್ಟಿತು. ಆಯೋಗಗಳ ಪದ್ಧತಿಯನ್ನು ಬಲ್ಲ ನಮ್ಮ ಓದುಗರಿಗೆ ಆಶ್ಚರ್ಯವಾಗಲಾರದು: ಗೆರೆ ಬೇಕು ಎಂದು ಅದು ಹೇಳಲಿಲ್ಲ.

ಮುಂದಿನ ವರ್ಷ ಒಂದು ಮಸೂದೆ ಬಂತು. 1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ, ಜಮೀನಿನ ಗೇಣಿಗೆ ಸಂಬಂಧಿಸಿದ ಬೇರೊಂದು ಮಸೂದೆಗೆ ಸಮಯ ಬೇಕಾಗಿದೆಯೆಂದು, ಹಡಗಿನ ಮಸೂದೆಯನ್ನು ಆ ಅಧಿವೇಶನದಲ್ಲಿ ಕೈಬಿಡುವುದಾಗಿ ತಿಳಿಸಿದನು. ಪ್ಲಿಮ್ಸಾಲನ ಸಹನೆ ಕಡಿಯಿತು. ಎದ್ದು ಸಭೆಯ ನಡುವಿಗೆ ಬಂದು, ಮುಷ್ಟಿ ಬೀಸಿ, ನಾವಿಕರನ್ನು ಸಾವಿಗೆ ಕಳುಹಿಸುವವರು ಈ ಸಭೆಯೊಳಗೇ ಕುಳಿತಿದ್ದಾರೆ, ಅವರ ಮುಖವಾಡ ಕಳಚುತ್ತೇನೆ ಎಂಬರ್ಥದಲ್ಲಿ ಕೂಗಾಡಿದನು. ಖಳರೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಭಾಧ್ಯಕ್ಷನು ಹೇಳಿದಾಗ ಒಪ್ಪಲಿಲ್ಲ. ಹೊರಗೆ ಹೋಗಬೇಕಾಯಿತು. ಒಂದು ವಾರದ ಮೇಲೆ ಬಂದು ಸಭೆಯ ಕ್ಷಮೆ ಕೇಳಿದನು, ಸಂಗತಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಊರೂರುಗಳಲ್ಲಿ ಸಭೆಗಳಾಗಿ ಜನರ ಒತ್ತಡ ಎಷ್ಟು ಬಂತೆಂದರೆ ಸರಕಾರವು ತರಾತುರಿಯಿಂದ ಒಂದು ತಾತ್ಕಾಲಿಕ ಕಾನೂನನ್ನು ಮಾಡಿತು. 1876ರಲ್ಲಿ ಕಾಯಂ ಕಾನೂನು ಬಂತು. ವೃತ್ತ, ನಡುವೆ ಗೆರೆ. ಈ ಗುರುತಿಗೆ ಲೋಕ ಪ್ಲಿಮ್ಸಾಲ್ ಗೆರೆ ಎಂದೇ ಹೆಸರಿಟ್ಟಿತು. ಶಾಲೆಯ ಕವಾಯತಿಗೆ ಮಕ್ಕಳು ಹಾಕುವ ಕ್ಯಾನ್ವಾಸು ಬೂಟಿಗೂ ಇಂಗ್ಲೆಂಡಿನಲ್ಲಿ ಪ್ಲಿಮ್ಸಾಲ್ ಎಂಬ ಹೆಸರಿದೆ. ಅದರ ರಬ್ಬರಿನ ಪಟ್ಟಿ ಹಡಗಿನ ಗೆರೆಯ ಹಾಗೆ ಕಾಣುವುದರಿಂದ ಆ ಹೆಸರು ಬಂತಂತೆ.

ಆದರೆ ಕಾನೂನಿನಲ್ಲಿ ಒಂದು ತೂತಿತ್ತು, ಹಡಗಿನ ತೂತಿಗಿಂತ ದೊಡ್ಡದು. ಗೆರೆ ಇರಲೇಬೇಕು ಎಂದಿತ್ತು. ಎಲ್ಲಿರಬೇಕು ಎಂಬುದನ್ನು ಮಾಲಿಕನಿಗೇ ಬಿಟ್ಟಿತ್ತು. ಒಬ್ಬ ಕಪ್ತಾನನು ಸಿಟ್ಟಿನಿಂದ ಹಡಗಿನ ಹೊಗೆ ಕೊಳವೆಯ ಮೇಲೆಯೇ ಗೆರೆ ಎಳೆಸಿದನೆಂದು ನಾವಿಕರ ನಡುವೆ ಒಂದು ಕಥೆಯುಂಟು. ಗೆರೆಯ ಸ್ಥಾನವನ್ನು ಸರಕಾರವೇ ನಿರ್ಧರಿಸುವಂತಾದದ್ದು 1890ರಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ಮೇಲೆ. ಪ್ಲಿಮ್ಸಾಲನು 1880ರಲ್ಲಿಯೇ ತನ್ನ ಪಾರ್ಲಿಮೆಂಟು ಸ್ಥಾನವನ್ನು ವಿಲಿಯಂ ಹಾರ್ಕೋರ್ಟ್ ಎಂಬ ಮಂತ್ರಿಗೆ ಬಿಟ್ಟುಕೊಟ್ಟಿದ್ದನು. 1882ರಲ್ಲಿ ಎಲೈಜಾ ತೀರಿಹೋದಳು. ಆತ ಸುಮ್ಮನೆ ಕೂರಲಿಲ್ಲ. ನಾವಿಕರ ಸಂಘದ ಅಧ್ಯಕ್ಷನಾದನು. ದನಕರುಗಳನ್ನು ಹಡಗಿನಲ್ಲಿ ತುಂಬಿ ಸಾಗಿಸುವ ಕ್ರೌರ್ಯದ ಬಗ್ಗೆ ಬರೆದನು.

ಒಂದೇ ಗೆರೆಯಿಂದ ಕೆಲಸ ನಡೆಯದು ಎಂಬುದು ಬಲ್ಲವರಿಗೆ ಬೇಗನೆ ಗೊತ್ತಾಯಿತು. ಚಳಿಗಾಲದ ಉತ್ತರ ಅಟ್ಲಾಂಟಿಕಿನ ಅಲೆಗಳಿಗೆ ಹೆಚ್ಚು ಎತ್ತರ ಬೇಕು, ಶಾಂತವಾದ ಉಷ್ಣವಲಯದ ಕಡಲಿಗೆ ಕಡಿಮೆ ಸಾಕು. ಹೀಗೆ ಬೇಸಗೆಯ ಗೆರೆ, ಚಳಿಗಾಲದ ಗೆರೆ, ಉಷ್ಣವಲಯದ ಗೆರೆಗಳಾದವು. ಇವೆಲ್ಲ ಗಾಳಿ ಅಲೆಗಳ ಲೆಕ್ಕ. ನೀರಿನ ತೂಕದ ಲೆಕ್ಕಕ್ಕೆ ಇನ್ನೆರಡು ಗೆರೆಗಳು: ಎಫ್ ಎಂಬುದು ಚಪ್ಪೆ ನೀರಿಗೆ, ಟಿ.ಎಫ್. ಎಂಬುದು ಉಷ್ಣವಲಯದ ಚಪ್ಪೆ ನೀರಿಗೆ. ಟಿ.ಎಫ್. ಎಲ್ಲಕ್ಕಿಂತ ಮೇಲಿನದು. ಹೊಳೆಯೊಳಗೆ ನೀರು ಈ ಗೆರೆಯವರೆಗೆ ಬಂದರೂ ಕಪ್ತಾನನು ಹೆದರಬೇಕಾಗಿಲ್ಲ. ಹಡಗು ಕಡಲಿಗೆ ಇಳಿದ ಕೂಡಲೆ ಭಾರದ ನೀರು ಅದನ್ನು ಎತ್ತಿ ಹಿಡಿಯುತ್ತದೆ, ಉಷ್ಣವಲಯದ ಗೆರೆ ನೀರಿನ ಮಟ್ಟಕ್ಕೆ ಬರುತ್ತದೆ.

ಇದನ್ನು ಕಾಣಲು ಮರ್ಮಗೋವೆಗಿಂತ ಒಳ್ಳೆಯ ಸ್ಥಳ ನಮ್ಮ ಕರಾವಳಿಯಲ್ಲಿ ಅಪರೂಪ. 1940ರ ದಶಕದ ಕೊನೆಯಿಂದ ಗೋವೆಯ ಕಬ್ಬಿಣದ ಅದಿರು ಹೊರದೇಶಗಳಿಗೆ ಹೋಗತೊಡಗಿತು. ಗಣಿಗಳಿಂದ ಮಾಂಡವಿ, ಜುವಾರಿ ಹೊಳೆಗಳಲ್ಲಿ ಬಾರ್ಜುಗಳು ಅದಿರು ಹೊತ್ತು ಬರುತ್ತಿದ್ದವು, ನಡುವೆ ಕುಂಬಾರಜುವೆಯ ಕಾಲುವೆ. ತುಂಬಿದ ಬಾರ್ಜಿನ ಮೈ ನೀರಿನ ಮೇಲೆ ಕಾಣುವುದೇ ಕಷ್ಟ. ಮಣ್ಣಿನ ಕೆಂಪು ಗುಡ್ಡವೊಂದು ತನ್ನಷ್ಟಕ್ಕೆ ತೇಲಿಕೊಂಡು ಹೋಗುವಂತೆ ತೋರುತ್ತಿತ್ತು. 2012ರಲ್ಲಿ ಗಣಿಗಳು ನಿಂತಾಗ, ಆಮೇಲೆ 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮತ್ತೆ ನಿಂತಾಗ, ಈ ದೃಶ್ಯ ಅಪರೂಪವಾಯಿತು. ಎರಡೂ ಹೊಳೆಗಳ ಸ್ವಭಾವ ನಮ್ಮ ಹೊಳೆಗಳದ್ದೇ. ಮಾರ್ಚ್ ಏಪ್ರಿಲಿನಲ್ಲಿ ಕಡಲು ಒಳನಾಡಿನವರೆಗೂ ಏರಿ ಬಂದು ಅಳಿವೆಯ ನೀರು ಬಹುಪಾಲು ಕಡಲ ನೀರಷ್ಟೇ ಭಾರ. ಜೂನಿನಿಂದ ಘಟ್ಟದ ನೀರು ನುಗ್ಗಿ ಮೇಲ್ಪದರವೆಲ್ಲ ಹಗುರ.

ಆದ್ದರಿಂದ ಅದಿರು ತುಂಬುವ ಮೊದಲೂ ತುಂಬಿದ ಮೇಲೂ ಸರ್ವೇಯರನು ದೋಣಿಯಲ್ಲಿ ಹಡಗಿಗೆ ಸುತ್ತು ಬಂದು, ಮುಂದೆ, ನಡುವೆ, ಹಿಂದೆ ಬರೆದ ಅಳತೆಗಳನ್ನು ಓದುತ್ತಾನೆ. ಅನಂತರ ಹಗ್ಗ ಕಟ್ಟಿದ ಡಬ್ಬಿಯೊಂದನ್ನು ಇಳಿಸಿ ಹಡಗಿನ ಮಗ್ಗುಲಿನ ನೀರನ್ನು ಎತ್ತಿ, ಅದರಲ್ಲಿ ದ್ರವಮಾಪಕವನ್ನು ತೇಲಿಬಿಡುತ್ತಾನೆ. ಅದು 1.025 ಎನ್ನುವ ಬದಲು 1.010 ಎಂದರೆ, ಪೂರ್ತಿ ಚಪ್ಪೆ ನೀರಿನಲ್ಲಿ 25 ಸೆಂಟಿಮೀಟರು ಹೆಚ್ಚು ಇಳಿಯುವ ಹಡಗಿಗೆ ಇಲ್ಲಿ 15 ಸೆಂಟಿಮೀಟರು ಮಾತ್ರ ರಿಯಾಯಿತಿ. ಓದುವುದರಲ್ಲಿ ದಶಮಾಂಶದ ಮೂರನೆಯ ಸ್ಥಾನ ಒಂದು ತಪ್ಪಿದರೆ 50,000 ಟನ್ನಿನ ಲೆಕ್ಕದಲ್ಲಿ ಸುಮಾರು 50 ಟನ್ನು ಏರುಪೇರು. ಸರಕಿನ ಹಣವೂ ನಾವಿಕರ ಪ್ರಾಣವೂ ಆ ಡಬ್ಬಿಯ ನೀರಿನಲ್ಲಿ ತೇಲುತ್ತಿರುತ್ತವೆ.

ಗೆರೆಯೊಂದಿದ್ದರೆ ಎಲ್ಲ ಕ್ಷೇಮ ಎಂದೂ ತಿಳಿಯಬಾರದು. 2009ರ ಜುಲೈಯಲ್ಲಿ ನವಮಂಗಳೂರಿನಿಂದ ಕಬ್ಬಿಣದ ಅದಿರಿನ ಪುಡಿ ಹೊತ್ತು ಹೊರಟ ಏಷಿಯನ್ ಫಾರೆಸ್ಟ್ ಎಂಬ ಹಡಗು ಮಂಗಳೂರಿನ ಕಡಲಲ್ಲಿ ವಾಲಿ ಮುಳುಗಿದ್ದು ನಮ್ಮವರಿಗೆ ನೆನಪಿರಬಹುದು. ನಾವಿಕರನ್ನು ತಟರಕ್ಷಣಾ ಪಡೆಯವರು ಉಳಿಸಿದರು. ಮಳೆಯಲ್ಲಿ ನೆನೆದ ಅದಿರಿನ ಪುಡಿ ಹಡಗಿನ ಅಲುಗಾಟಕ್ಕೆ ಕೆಸರಿನಂತಾಗಿ ಒಳಗೇ ಹರಿದು ಒಂದು ಬದಿಗೆ ಹೋಗುತ್ತದೆ. ಹೊರಗಿನ ನೀರನ್ನು ಅಳೆಯುವ ಗೆರೆ ಒಳಗಿನ ನೀರನ್ನು ಅಳೆಯುವುದಿಲ್ಲ. ಅದಕ್ಕೆ ಬೇರೆ ನಿಯಮಗಳಿವೆ, ಅದಿರಿನ ತೇವವನ್ನು ಪರೀಕ್ಷಿಸಿಯೇ ಹೇರಬೇಕೆಂದು. ಇಲ್ಲಿಯೂ ಪ್ಲಿಮ್ಸಾಲನ ಕಾಲದ ಪ್ರಶ್ನೆಯೇ: ನಿಯಮವಿದೆ, ಅವಸರದ ದಿನ ಅದನ್ನು ನೋಡುವವರು ಯಾರು?

ಗೆರೆಯು ಒಂದು ದೇಶದ ಕಾನೂನಾಗಿ ಉಳಿಯಲಿಲ್ಲ. 1906ರಲ್ಲಿ ಬ್ರಿಟಿಷ್ ಬಂದರುಗಳಿಗೆ ಬರುವ ಪರದೇಶದ ಹಡಗುಗಳಿಗೂ ಅನ್ವಯವಾಯಿತು. ಅದೇ ವರ್ಷ ಗೆರೆಯನ್ನು ತುಸು ಮೇಲಕ್ಕೇರಿಸಿ ಹೆಚ್ಚು ಹೇರಲು ಅವಕಾಶ ಕೊಟ್ಟದ್ದು ಬೇರೆ ಕಥೆ, ನಾವಿಕರು ಅದನ್ನು ಸುಲಭವಾಗಿ ಕ್ಷಮಿಸಲಿಲ್ಲ. 1930ರಲ್ಲಿ, ಮತ್ತೆ 1966ರಲ್ಲಿ, ರಾಷ್ಟ್ರಗಳು ಸೇರಿ ಒಪ್ಪಂದ ಮಾಡಿಕೊಂಡವು. ನಮ್ಮ ದೇಶದ 1958ರ ವಾಣಿಜ್ಯ ನೌಕಾ ಕಾನೂನಿನಲ್ಲಿಯೂ ಅದಕ್ಕೆ ಸ್ಥಾನ ಸಿಕ್ಕಿತು. ವೃತ್ತದ ಎರಡು ಬದಿಗಳಲ್ಲಿ ಎಲ್, ಆರ್ ಎಂದಿದ್ದರೆ ಲಾಯ್ಡ್ಸ್ ರಿಜಿಸ್ಟರು ಪರೀಕ್ಷಿಸಿದ್ದೆಂದು ಅರ್ಥ; ಐ, ಆರ್ ಎಂದಿದ್ದರೆ 1975ರಲ್ಲಿ ಸ್ಥಾಪನೆಯಾದ ನಮ್ಮದೇ ಇಂಡಿಯನ್ ರಿಜಿಸ್ಟರು.

ಪ್ಲಿಮ್ಸಾಲನು 1898ರ ಜೂನ್ 3ರಂದು ಫೋಕ್‌ಸ್ಟನ್ ಎಂಬ ಕಡಲೂರಿನಲ್ಲಿ ತೀರಿಕೊಂಡನು. 1929ರಲ್ಲಿ ನಾವಿಕರ ಸಂಘದವರು ಲಂಡನ್ನಿನ ಥೇಮ್ಸ್ ಹೊಳೆಯ ದಂಡೆಯಲ್ಲಿ ಆತನ ಸ್ಮಾರಕ ನಿಲ್ಲಿಸಿದರು. ಸಂಬಳದಿಂದ ವಂತಿಗೆ ಕೊಡುವ ಜನ ಹಾಕಿಸಿದ ಸ್ಮಾರಕವದು.

ಮರ್ಮಗೋವೆಯಲ್ಲಿ ನಮ್ಮ ದೋಣಿ ಒಂದು ಹಡಗಿನ ಮಗ್ಗುಲಲ್ಲಿ ಹಾದಾಗ ಮೇಲಿನಿಂದ ಹಲಗೆ ಇಳಿಬಿಟ್ಟು ಇಬ್ಬರು ಹುಡುಗರು ಬಣ್ಣ ಬಳಿಯುತ್ತಿದ್ದರು. ಮೊದಲು ಹಡಗಿನ ಮೈಗೆಲ್ಲ ಕಪ್ಪು ಬಳಿದರು, ವೃತ್ತ, ಗೆರೆ, ಅಕ್ಷರ ಎಲ್ಲವೂ ಅದರಡಿ ಮುಚ್ಚಿಹೋಯಿತು. ನಮಗೆ ಸ್ವಲ್ಪ ಗಾಬರಿಯಾಯಿತು. ಜತೆಗಿದ್ದ ಹಳೆಯ ನಾವಿಕರೊಬ್ಬರು ನಕ್ಕು ತಿಳಿಸಿದರು: ಗೆರೆ ಬರೀ ಬಣ್ಣದ್ದಲ್ಲ, ಕಬ್ಬಿಣದ ತಗಡಿನ ಮೇಲೆ ಬೆಸುಗೆ ಹಾಕಿ ಉಬ್ಬಿಸಿದ್ದು, ಎಷ್ಟು ಬಣ್ಣ ಬಳಿದರೂ ಕೈಗೆ ಸಿಗುತ್ತದೆ. ಹುಡುಗರಲ್ಲೊಬ್ಬ ಬೆರಳಾಡಿಸಿ ಅಂಚನ್ನು ಹುಡುಕಿಕೊಂಡು, ಸಣ್ಣ ಕುಂಚದಿಂದ ಬಿಳಿ ಗೆರೆಯನ್ನು ಎಳೆಯತೊಡಗಿದನು.